ಮದುವೆಯ ಕಾನೂನು ಬರುವ ಮುನ್ನ ಸಂಗಾತಿಗಳ ಕಾಗದಪತ್ರ: ದಾವಣಗೆರೆಯ ಒಂದು ವಕೀಲರ ಕಚೇರಿಯ ಸೇವೆ

ದಾವಣಗೆರೆಯ ಜಯದೇವ ವೃತ್ತದಿಂದ ನಡೆದು ಹೋಗುವಷ್ಟು ದೂರದಲ್ಲಿ, ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಹಿರಿಯ ಮಹಿಳಾ ವಕೀಲರೊಬ್ಬರ ಚಿಕ್ಕ ಕಚೇರಿಯಿದೆ. ಆಸ್ತಿ ವ್ಯಾಜ್ಯ, ಪಾಲುಪಟ್ಟಿ, ಬಾಡಿಗೆ ಕರಾರುಗಳ ನಡುವೆ ಅವರು ಮಾಡಿಕೊಡುವ ಇನ್ನೊಂದು ಕೆಲಸದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಒಟ್ಟಿಗೆ ಬಾಳುತ್ತಿದ್ದರೂ ಮದುವೆಯಾಗಲು ಕಾನೂನಿನಲ್ಲಿ ಅವಕಾಶವಿಲ್ಲದ ಇಬ್ಬರು ಹೆಂಗಸರಿಗೆ ಅಥವಾ ಇಬ್ಬರು ಗಂಡಸರಿಗೆ ಬೇಕಾಗುವ ಉಯಿಲು, ಅಧಿಕಾರಪತ್ರ (ಪವರ್ ಆಫ್ ಅಟಾರ್ನಿ), ವೈದ್ಯಕೀಯ ಮುಂಗಡ ನಿರ್ದೇಶನ, ಬ್ಯಾಂಕು ಮತ್ತು ವಿಮೆಯ ನಾಮನಿರ್ದೇಶನ, ಇವೆಲ್ಲವನ್ನೂ ಒಂದಕ್ಕೊಂದು ತಾಳೆಯಾಗುವಂತೆ ಅವರು ಸಿದ್ಧಪಡಿಸಿಕೊಡುತ್ತಾರೆ. ನಾನೂ ನನ್ನ ಸಂಗಾತಿಯೂ ಈ ಸೇವೆಯನ್ನು ಪಡೆದಿದ್ದೇವೆ, ಮತ್ತು ನಮ್ಮಂಥ ಇತರರೂ ಪಡೆಯಬೇಕೆಂದು ಮನಃಪೂರ್ವಕವಾಗಿ ಬಯಸುತ್ತೇನೆ. ವಕೀಲರು ತಮ್ಮ ವೃತ್ತಿಗೆ ಜಾಹೀರಾತು ಕೊಡುವಂತಿಲ್ಲವೆಂಬ ಬಾರ್ ಕೌನ್ಸಿಲ್ ನಿಯಮವಿರುವುದರಿಂದ, ಅವರ ಕೋರಿಕೆಯಂತೆ ಹೆಸರನ್ನು ಬರೆಯುತ್ತಿಲ್ಲ.

ನಾವು ಅಲ್ಲಿಗೆ ಹೋಗಬೇಕಾಗಿ ಬಂದುದಕ್ಕೆ ಕಾರಣ ವಿದ್ಯಾನಗರದ ನಮ್ಮ ಮನೆ. ಸಾಲದ ಕಂತನ್ನು ಇಬ್ಬರ ಸಂಬಳದಿಂದಲೂ ಕಟ್ಟಿದ್ದರೂ ಖಾತೆ ಇರುವುದು ನನ್ನ ಸಂಗಾತಿಯ ಹೆಸರಿನಲ್ಲಿ ಮಾತ್ರ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೆಯ ಕಲಮಿನ ಪ್ರಕಾರ, ಮದುವೆಯಾಗದ ಹೆಂಗಸು ಉಯಿಲು ಬರೆಯದೆ ತೀರಿಕೊಂಡರೆ ಅವಳ ಸ್ವಂತ ದುಡಿಮೆಯ ಆಸ್ತಿ ತಂದೆ ತಾಯಿಗೆ ಹೋಗುತ್ತದೆ. ಅವರು ಇಲ್ಲದಿದ್ದರೆ ತಂದೆಯ ವಾರಸುದಾರರಿಗೆ, ಎಂದರೆ ಅಣ್ಣತಮ್ಮಂದಿರು ಅಕ್ಕತಂಗಿಯರಿಗೆ. ಎಷ್ಟು ವರ್ಷ ಒಂದೇ ಸೂರಿನಡಿ ಬಾಳಿದ್ದರೂ ಸಂಗಾತಿಗೆ ಆ ಸಾಲಿನಲ್ಲಿ ಎಲ್ಲಿಯೂ ಜಾಗವಿಲ್ಲ. ಅವಳ ಅಣ್ಣಂದಿರು ಒಳ್ಳೆಯವರು, ಹಬ್ಬಕ್ಕೆ ಬಂದು ಹೋಗುವವರು. ಆದರೆ ನನ್ನ ತಲೆಯ ಮೇಲಿನ ಸೂರು ಅವರ ಒಳ್ಳೆಯತನವೊಂದನ್ನೇ ನೆಚ್ಚಿಕೊಂಡು ನಿಲ್ಲಬಾರದು ಎಂಬುದು ನಮ್ಮಿಬ್ಬರ ತೀರ್ಮಾನವಾಗಿತ್ತು. ಅವಳಿಗೆ ಶಸ್ತ್ರಚಿಕಿತ್ಸೆಯಾದಾಗ ಆಸ್ಪತ್ರೆಯವರು ನನ್ನ ಸಹಿಯನ್ನು ಒಪ್ಪದೆ, ಜಗಳೂರಿನಿಂದ ಅಣ್ಣ ಬರುವವರೆಗೆ ಕಾಯಿಸಿದ್ದು ಆ ತೀರ್ಮಾನವನ್ನು ಇನ್ನಷ್ಟು ಗಟ್ಟಿ ಮಾಡಿತು.

ಮೊದಲ ಭೇಟಿಯಲ್ಲಿ ವಕೀಲರು ತಮ್ಮಿಂದ ಏನಾಗುತ್ತದೆ ಎಂಬುದಕ್ಕಿಂತ ಮುಂಚೆ ಏನಾಗುವುದಿಲ್ಲ ಎಂಬುದನ್ನು ಹೇಳಿದರು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೆಯ ಕಲಮಿನಿಂದ ವಯಸ್ಕರ ಸಮ್ಮತಿಯ ಸಂಬಂಧವನ್ನು ಹೊರಗಿಟ್ಟಿತು. ಆದರೆ 2023ರ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳ ಪೀಠ, ಮದುವೆಯಾಗುವುದು ಮೂಲಭೂತ ಹಕ್ಕಲ್ಲ, 1954ರ ವಿಶೇಷ ವಿವಾಹ ಕಾಯ್ದೆಯನ್ನು ಸಲಿಂಗ ಜೋಡಿಗಳಿಗೆ ಅನ್ವಯಿಸುವಂತೆ ಓದಲು ನ್ಯಾಯಾಲಯಕ್ಕೆ ಬರುವುದಿಲ್ಲ, ಅದು ಸಂಸತ್ತಿನ ಕೆಲಸ ಎಂದಿತು. ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. "ನಾನು ಮಾಡಿಕೊಡೋ ಯಾವ ಕಾಗದವೂ ಮದುವೆ ಪ್ರಮಾಣಪತ್ರ ಆಗಲ್ಲ, ಟೀಚರ್. ಅದನ್ನ ಮನಸ್ಸಲ್ಲಿ ಇಟ್ಕೊಂಡೇ ಮುಂದಿನ ಮಾತಾಡೋಣ" ಎಂದು ನನಗೆ ಹೇಳಿದರು. ಶುಲ್ಕದ ಮಾತು ಬಂದದ್ದು ಇದರ ನಂತರ. ಸೇವೆಯೊಂದನ್ನು ತೂಗಿ ನೋಡುವಾಗ ನಾನು ಮೊದಲು ಲೆಕ್ಕಕ್ಕೆ ಹಿಡಿಯುವುದು ಇಂಥ ಪ್ರಾಮಾಣಿಕತೆಯನ್ನೇ.

ಅಮೆರಿಕದಲ್ಲಿ ಸಲಿಂಗ ವಿವಾಹ 2015ರಲ್ಲೇ ಕಾನೂನಾಯಿತಲ್ಲ, ಅಲ್ಲಿನವರಿಗೆ ಇಂಥ ಕಾಗದಗಳ ಚಿಂತೆಯೇ ಇರಲಿಕ್ಕಿಲ್ಲ ಅಲ್ಲವೇ ಎಂದು ನನ್ನ ಸಂಗಾತಿ ಕೇಳಿದಾಗ ಅವರು ಕೊಟ್ಟ ಉತ್ತರ ನಮ್ಮ ಕಡತದ ಸ್ವರೂಪವನ್ನೇ ನಿರ್ಧರಿಸಿತು. ಆ ಉತ್ತರವನ್ನು ಇಲ್ಲಿ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಈ ಕಚೇರಿಯಲ್ಲಿ ನಾವು ಪಡೆದದ್ದರಲ್ಲಿ ಇದೂ ಒಂದು ದೊಡ್ಡ ಭಾಗ.

2015ರ ಜೂನ್ 26ರ ಆ ತೀರ್ಪು ಹುಟ್ಟಿದ್ದೇ ಒಂದು ಕಾಗದದಿಂದ. ಓಹಾಯೊ ರಾಜ್ಯದ ಜಿಮ್ ಒಬರ್ಗೆಫೆಲ್ ಅವರ ಸಂಗಾತಿ ಜಾನ್ ಆರ್ಥರ್ ಗುಣವಾಗದ ನರರೋಗದಿಂದ ಹಾಸಿಗೆ ಹಿಡಿದಿದ್ದರು. ತಮ್ಮ ರಾಜ್ಯದಲ್ಲಿ ಮದುವೆಗೆ ಅವಕಾಶವಿಲ್ಲದ್ದರಿಂದ 2013ರಲ್ಲಿ ಇಬ್ಬರೂ ವಿಮಾನದಲ್ಲಿ ಮೇರಿಲ್ಯಾಂಡಿಗೆ ಹೋಗಿ, ಬಾಲ್ಟಿಮೋರ್ ನಿಲ್ದಾಣದಲ್ಲಿ ನಿಂತ ಆ ವಿಮಾನದೊಳಗೇ ಮದುವೆಯಾಗಿ ಹಿಂತಿರುಗಿದರು. ಆರ್ಥರ್ ಅವರ ಮರಣ ಪ್ರಮಾಣಪತ್ರದಲ್ಲಿ ಬದುಕುಳಿದ ಪತಿಯೆಂದು ತಮ್ಮ ಹೆಸರನ್ನು ಬರೆಯಬೇಕೆಂಬುದೇ ಒಬರ್ಗೆಫೆಲ್ ಅವರ ಮೊಕದ್ದಮೆಯ ತಿರುಳಾಗಿತ್ತು. ಆ ಮೊಕದ್ದಮೆ ಗೆದ್ದು ದೇಶಕ್ಕೆಲ್ಲ ಮದುವೆಯ ಹಕ್ಕು ಬಂತು. ಆದರೆ ಸುಮಾರು 30 ರಾಜ್ಯಗಳ ಸಂವಿಧಾನಗಳಲ್ಲಿ, ಮದುವೆಯೆಂದರೆ ಒಬ್ಬ ಗಂಡು ಒಬ್ಬ ಹೆಣ್ಣು ಮಾತ್ರ ಎಂದು ಮತದಾರರೇ ಹಿಂದಿನ ವರ್ಷಗಳಲ್ಲಿ ಸೇರಿಸಿದ್ದ ನಿಷೇಧದ ವಾಕ್ಯಗಳು ಹಾಗೆಯೇ ಉಳಿದವು. ಅವು ಜಾರಿಯಲ್ಲಿಲ್ಲ, ಅಷ್ಟೇ, ಪುಸ್ತಕದಿಂದ ಅಳಿದಿಲ್ಲ.

ಜಾರಿಯಲ್ಲಿಲ್ಲದ ವಾಕ್ಯವನ್ನು ತೆಗೆಯಲು ಇಷ್ಟು ಕಷ್ಟಪಡಬೇಕೇ ಎಂದು ನಾನು ಕೇಳಿದ್ದಕ್ಕೆ ವಕೀಲರು, "ಕರೆಂಟ್ ಹೋಗಿದೆ ಅಂತ ಹರಿದ ತಂತೀನ ಬೀದೀಲಿ ಹಾಗೇ ಬಿಡ್ತೀವಾ?" ಎಂದರು. 2022ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಸುಮಾರು ಅರ್ಧ ಶತಮಾನದ ಗರ್ಭಪಾತದ ಹಕ್ಕನ್ನು ತೆಗೆದುಹಾಕಿತು. ಅದೇ ಪ್ರಕರಣದಲ್ಲಿ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ಸಲಿಂಗ ವಿವಾಹದ ತೀರ್ಪನ್ನೂ ಮರುಪರಿಶೀಲಿಸಬೇಕೆಂದು ಬರೆದರು. ಆ ತೀರ್ಪು ಬಿದ್ದರೆ ರಾಜ್ಯಗಳ ಹಳೆಯ ವಾಕ್ಯಗಳಿಗೆ ಮತ್ತೆ ಜೀವ ಬರುತ್ತದೆ. 2022ರ ಡಿಸೆಂಬರ್‌ನಲ್ಲಿ ಬಂದ ಕೇಂದ್ರದ ಕಾಯ್ದೆಯೊಂದು ಬೇರೆ ರಾಜ್ಯದಲ್ಲಿ ಆದ ಮದುವೆಯನ್ನು ಮಾನ್ಯ ಮಾಡಲೇಬೇಕೆಂದು ಹೇಳುತ್ತದೆಯೇ ಹೊರತು, ಪ್ರತಿ ರಾಜ್ಯವೂ ಹೊಸ ಮದುವೆಗೆ ಪರವಾನಗಿ ಕೊಡಲೇಬೇಕೆಂದು ಹೇಳುವುದಿಲ್ಲ. 2025ರ ನವೆಂಬರ್‌ನಲ್ಲಿ ಸಲಿಂಗ ವಿವಾಹದ ತೀರ್ಪನ್ನು ರದ್ದುಮಾಡಬೇಕೆಂದು ಕೋರಿದ್ದ ಕೆಂಟಕಿಯ ಮಾಜಿ ಅಧಿಕಾರಿ ಕಿಮ್ ಡೇವಿಸ್ ಅವರ ಅರ್ಜಿಯನ್ನು ಸುಪ್ರೀಂ ಕೋರ್ಟು ವಿಚಾರಣೆಗೆ ತೆಗೆದುಕೊಳ್ಳದೆ ಬಿಟ್ಟಿತು, ಸದ್ಯಕ್ಕೆ ತೀರ್ಪು ಉಳಿದಿದೆ. ಹಾಗೆಂದು ರಾಜ್ಯಗಳು ಕೈಕಟ್ಟಿ ಕುಳಿತಿಲ್ಲ.

ಮೊದಲು ನಿಷೇಧವನ್ನು ಕಿತ್ತುಹಾಕಿದ್ದು ನೆವಾಡಾ. 2000 ಮತ್ತು 2002ರಲ್ಲಿ ಎರಡು ಬಾರಿ ಮತ ಹಾಕಿ ನಿಷೇಧವನ್ನು ಸೇರಿಸಿದ್ದ ಆ ರಾಜ್ಯದಲ್ಲಿ, ಶಾಸನಸಭೆ 2017ರಲ್ಲೂ 2019ರಲ್ಲೂ ರದ್ದತಿಗೆ ಒಪ್ಪಿಗೆ ಕೊಟ್ಟು, 2020ರಲ್ಲಿ ಶೇ. 62ರಷ್ಟು ಮತದಾರರು ಅದನ್ನು ಅನುಮೋದಿಸಿದರು. ಧಾರ್ಮಿಕ ಸಂಸ್ಥೆಗಳಿಗೂ ಪಾದ್ರಿಗಳಿಗೂ ಇಂಥ ಮದುವೆಯನ್ನು ನೆರವೇರಿಸಲು ನಿರಾಕರಿಸುವ ಹಕ್ಕನ್ನು ಅದೇ ತಿದ್ದುಪಡಿಯಲ್ಲಿ ಸ್ಪಷ್ಟವಾಗಿ ಬರೆದರು. ಇದು ವಿವೇಕದ ಕೆಲಸವೆಂದು ನನಗೆ ತೋರುತ್ತದೆ. ಸರ್ಕಾರದ ನೋಂದಣಿ ಬೇರೆ, ಮಠ ಮಂದಿರ ಚರ್ಚುಗಳ ವಿಧಿ ಬೇರೆ ಎಂಬುದು ಸ್ಪಷ್ಟವಾದರೆ ಅರ್ಧ ವಿರೋಧ ತಾನಾಗಿಯೇ ತಣ್ಣಗಾಗುತ್ತದೆ. 2024ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ, ಕೊಲೊರಾಡೊ, ಹವಾಯಿ ಒಂದೇ ದಿನ ಮತ ಹಾಕಿ ತಮ್ಮ ತಮ್ಮ ವಾಕ್ಯಗಳನ್ನು ತೆಗೆದವು. 2008ರಲ್ಲಿ ಶೇ. 52ರಷ್ಟು ಮತದಿಂದ ನಿಷೇಧ ತಂದಿದ್ದ ಕ್ಯಾಲಿಫೋರ್ನಿಯಾದಲ್ಲಿ ಹದಿನಾರು ವರ್ಷಗಳ ನಂತರ ಶೇ. 62ಕ್ಕೂ ಹೆಚ್ಚು ಮಂದಿ ರದ್ದತಿಯ ಪರ ನಿಂತರು. ಹಾಗೆಂದು ಎಲ್ಲ ಕಡೆಯೂ ದಾರಿ ಸಲೀಸಲ್ಲ. 2006ರಲ್ಲಿ ಶೇ. 57ರಷ್ಟು ಮತದಿಂದ ನಿಷೇಧ ತಂದ ವರ್ಜೀನಿಯಾದಲ್ಲಿ, ಶಾಸನಸಭೆ ಒಮ್ಮೆ ಒಪ್ಪಿ, ನಡುವೆ ಒಂದು ಚುನಾವಣೆ ನಡೆದು, ಹೊಸ ಶಾಸನಸಭೆಯೂ ಒಪ್ಪಿದ ಮೇಲಷ್ಟೇ ವಿಷಯ ಜನರ ಮುಂದೆ ಬರುತ್ತದೆ. 2021ರಲ್ಲಿ ಒಮ್ಮೆ ಒಪ್ಪಿಗೆಯಾಗಿ 2022ರಲ್ಲಿ ಸಮಿತಿಯ ಹಂತದಲ್ಲೇ ಬಿದ್ದುಹೋದ ಪ್ರಸ್ತಾವವನ್ನು 2025ರಲ್ಲಿ ಮೊದಲಿನಿಂದ ಆರಂಭಿಸಬೇಕಾಯಿತು.

ಇದೇ ವರ್ಜೀನಿಯಾದ ಇನ್ನೊಂದು ಪ್ರಕರಣದಲ್ಲಿ, 1967ರಲ್ಲಿ, ಬಿಳಿಯರು ಮತ್ತು ಕರಿಯರ ನಡುವಣ ಮದುವೆಯ ನಿಷೇಧ ದೇಶಕ್ಕೆಲ್ಲ ಬಿದ್ದುಹೋಗಿತ್ತು. ಆದರೂ ಅಲಬಾಮಾ ರಾಜ್ಯದ ಸಂವಿಧಾನದಲ್ಲಿ ಆ ನಿಷೇಧದ ವಾಕ್ಯ 2000ದವರೆಗೆ ಉಳಿದಿತ್ತು, ಅದನ್ನು ತೆಗೆಯಲು ಮತ ಕೇಳಿದಾಗಲೂ ಶೇ. 40ರಷ್ಟು ಜನ ಬೇಡವೆಂದರು. ಈ ಒಂದು ಸಂಗತಿಯನ್ನು ಕೇಳಿದ ಮೇಲೆ, ಸತ್ತ ಕಾನೂನನ್ನು ರದ್ದು ಮಾಡುವುದು ಬರೀ ಶಾಸ್ತ್ರಕ್ಕೆ ಎಂಬ ಮಾತನ್ನು ನಾನು ಒಪ್ಪಲಾರೆ. ತನ್ನ ರಾಜ್ಯದ ಅತಿ ದೊಡ್ಡ ಪುಸ್ತಕದಲ್ಲಿ ತಾನು ಮುಂದೆ ಆಗಬಹುದಾದ ಮದುವೆ ಮದುವೆಯಲ್ಲವೆಂದು ಬರೆದಿರುವುದನ್ನು ಓದಿಕೊಂಡೇ ಬೆಳೆಯುವ ಮಗುವಿನ ಮನಸ್ಸಿಗೆ, ಅದು ಜಾರಿಯಲ್ಲಿಲ್ಲ ಎಂಬ ಅಡಿಟಿಪ್ಪಣಿಯಿಂದ ಸಮಾಧಾನವಾಗುವುದಿಲ್ಲ.

ನಮ್ಮಲ್ಲಿ ಪರಿಸ್ಥಿತಿ ಬೇರೆ ಎಂಬುದನ್ನೂ ವಕೀಲರು ಅಷ್ಟೇ ಸ್ಪಷ್ಟವಾಗಿ ತಿಳಿಸಿದರು. ಭಾರತದ ಸಂವಿಧಾನದಲ್ಲಿ ಇಂಥ ನಿಷೇಧದ ವಾಕ್ಯವೇ ಇಲ್ಲ. ರಾಜ್ಯಗಳಿಗೆ ಬೇರೆ ಸಂವಿಧಾನವಾಗಲೀ ಈ ವಿಷಯಕ್ಕೆ ಜನಮತಗಣನೆಯಾಗಲೀ ಇಲ್ಲ. ತಡೆ ಇರುವುದು ಮದುವೆಯ ಕಾಯ್ದೆಗಳ ಪದಗಳಲ್ಲಿ, ಮತ್ತು ಸಾಮಾನ್ಯ ಬಹುಮತದಿಂದಲೇ ಸಂಸತ್ತು ಅವನ್ನು ತಿದ್ದಬಹುದು. ಮದುವೆ ಮತ್ತು ಉತ್ತರಾಧಿಕಾರ ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯ 5ನೆಯ ವಿಷಯವಾದ್ದರಿಂದ, ರಾಷ್ಟ್ರಪತಿಗಳ ಅಂಕಿತ ಸಿಕ್ಕುವುದಾದರೆ ನಮ್ಮ ವಿಧಾನಮಂಡಲಕ್ಕೂ ಕೈಹಾಕಲು ಅವಕಾಶವುಂಟು. ಅಮೆರಿಕದ ರಾಜ್ಯಗಳು ಏರಬೇಕಾದ ಬೆಟ್ಟ ನಮ್ಮ ದಾರಿಯಲ್ಲಿಲ್ಲ ಎಂಬುದು ನನಗೆ ಹೊಸ ವಿಷಯವಾಗಿತ್ತು, ಮತ್ತು ಧೈರ್ಯ ಕೊಟ್ಟ ವಿಷಯವೂ ಹೌದು.

ಅಮೆರಿಕದ ಈ ಪಾಠದಿಂದ ವಕೀಲರು ತೆಗೆದ ಕೆಲಸದ ನಿಯಮ ಒಂದೇ: ಇಂದಿನ ಯಾವುದೋ ಒಂದು ತೀರ್ಪನ್ನು ಅಥವಾ ಸುತ್ತೋಲೆಯನ್ನು ಮಾತ್ರ ನಂಬಿ ಕಾಗದ ಬರೆಯಬಾರದು, ಅದು ನಾಳೆ ಬಿದ್ದರೂ ಕಾಗದ ನಿಲ್ಲಬೇಕು. ಆದ್ದರಿಂದ ಉಯಿಲಿನಲ್ಲಿ ನನಗೆ ಮನೆ ಬರುವುದು ಸಂಗಾತಿ ಎಂಬ ಸ್ಥಾನದಿಂದಲ್ಲ; ನನ್ನ ಹೆಸರು, ತಂದೆಯ ಹೆಸರು, ವಿಳಾಸದಿಂದ ಗುರುತಿಸಲ್ಪಟ್ಟ ವ್ಯಕ್ತಿಗೆ, ಬರೆದವಳ ಸ್ವಂತ ಇಚ್ಛೆಯಿಂದ. ನಮ್ಮ ಬಾಳುವೆಯ ಬಗ್ಗೆ ಒಂದು ಪ್ಯಾರಾ ಇದೆ, ಅದು ಚೆನ್ನಾಗಿಯೂ ಇದೆ, ಆದರೆ ಆಸ್ತಿಯ ವಿಲೇವಾರಿ ಅದರ ಮೇಲೆ ನಿಂತಿಲ್ಲ.

ಉಯಿಲಿಗೆ ಸಹಿಯಾದ ದಿನ ನಡೆದುದನ್ನು ಸ್ವಲ್ಪ ವಿವರಿಸಬೇಕು. ಕರಡನ್ನು ಓದುವ ಮೊದಲು ವಕೀಲರು, "ಟೀಚರ್, ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ" ಎಂದು ನನ್ನನ್ನು ಕಳುಹಿಸಿ ಬಾಗಿಲು ಹಾಕಿಕೊಂಡರು. ಆಸ್ತಿ ಪಡೆಯುವವರು ಎದುರಿಗೆ ಕುಳಿತು ಬರೆಸಿದರೆಂಬ ಆಪಾದನೆಯೇ ಉಯಿಲಿನ ವ್ಯಾಜ್ಯಗಳಲ್ಲಿ ಮೊದಲು ಬರುವುದು, ಅದಕ್ಕೆ ಎಡೆಯೇ ಇರಬಾರದು ಎಂಬುದು ಅವರ ಕಾರಣ. ಒಳಗೆ ನನ್ನ ಸಂಗಾತಿ ಪ್ರತಿ ಪುಟವನ್ನೂ ತಾನೇ ಗಟ್ಟಿಯಾಗಿ ಓದಿ ಸಹಿ ಹಾಕಿದಳು. ಖಾಲಿ ಉಳಿದ ಸಾಲುಗಳಿಗೆ ಗೆರೆ ಎಳೆಸಲಾಯಿತು. ಒಬ್ಬ ವೈದ್ಯರೂ ಒಬ್ಬ ಸಹೋದ್ಯೋಗಿಯೂ ಸಾಕ್ಷಿಗಳಾಗಿ ಅವಳ ಎದುರಿನಲ್ಲೇ ಸಹಿ ಮಾಡಿದರು. ಅಣ್ಣಂದಿರ ಹೆಸರನ್ನು ಬಿಟ್ಟುಬಿಡದೆ, ಅವರ ಮೇಲೆ ಪ್ರೀತಿಯಿದೆ, ಪಿತ್ರಾರ್ಜಿತದಲ್ಲಿ ತನ್ನ ಪಾಲನ್ನು ಅವರಿಗೇ ಬಿಟ್ಟಿದ್ದೇನೆ, ಸ್ವಯಾರ್ಜಿತವಾದ ಮನೆಯನ್ನು ಮಾತ್ರ ಹೀಗೆ ಬರೆಯುತ್ತಿದ್ದೇನೆ ಎಂದು ಸೇರಿಸಿದ್ದು ವಕೀಲರ ಸಲಹೆ. ಉಯಿಲನ್ನು ನೋಂದಾಯಿಸುವುದು ಕಡ್ಡಾಯವಲ್ಲ, ಛಾಪಾ ಶುಲ್ಕವೂ ಇಲ್ಲ. ಆದರೂ ನೋಂದಣಿ ಇಲಾಖೆಯ ಜಾಲತಾಣವಾದ ಕಾವೇರಿ 2.0ರಲ್ಲಿ ಸಮಯ ಕಾಯ್ದಿರಿಸಿ ಉಪನೋಂದಣಾಧಿಕಾರಿ ಕಚೇರಿಗೆ ಕಿರಿಯ ವಕೀಲರೊಬ್ಬರನ್ನು ಜೊತೆಗೆ ಕಳುಹಿಸಿದರು.

ಬದುಕಿರುವಾಗಲೇ ದಾನಪತ್ರ ಮಾಡಬಾರದೇ ಎಂದು ಕೇಳಿದ್ದೆವು. ಕರ್ನಾಟಕದಲ್ಲಿ ಕುಟುಂಬದವರಿಗೆ ದಾನ ಕೊಟ್ಟರೆ ನಿಗದಿತ ಅಲ್ಪ ಶುಲ್ಕ ಸಾಕು. ಕಾನೂನಿನ ಕಣ್ಣಿಗೆ ನಾನು ಹೊರಗಿನವಳಾದ್ದರಿಂದ ಮಾರಾಟಕ್ಕೆ ಕೊಡುವಂತೆಯೇ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ ಕಟ್ಟಬೇಕು. ಅದರ ಮೇಲೆ, ಸಂಬಂಧಿಗಳಲ್ಲದವರಿಂದ ವರ್ಷಕ್ಕೆ ₹50,000 ಮೀರಿ ಬಂದ ಉಡುಗೊರೆ ಆದಾಯ ತೆರಿಗೆಗೂ ಒಳಪಡುತ್ತದೆ. ಗಂಡ ಹೆಂಡತಿಯರಾದರೆ ಒಳಪಡುವುದಿಲ್ಲ. ಉಯಿಲಿನಿಂದ ಬಂದ ಆಸ್ತಿಗೆ ಈ ಎರಡು ಹೊರೆಯೂ ಇಲ್ಲ. ದಾನಪತ್ರ ಮಾಡಿಸಿದ್ದರೆ ವಕೀಲರಿಗೆ ಹೆಚ್ಚು ಶುಲ್ಕ ಬರುತ್ತಿತ್ತು, ಅವರು ಬೇಡವೆಂದರು.

ನಾಮಿನಿಯ ವಿಷಯದಲ್ಲಿ ಹೆಚ್ಚಿನವರು ಎಡವುವ ಜಾಗವನ್ನು ಅವರು ಬೊಟ್ಟುಮಾಡಿ ತೋರಿಸಿದರು. ನಾಮಿನಿ ಹಣವನ್ನು ಪಡೆದುಕೊಳ್ಳಬಲ್ಲವರೇ ಹೊರತು ಮಾಲೀಕರಲ್ಲ ಎಂದು 1983ರಲ್ಲೇ ಸುಪ್ರೀಂ ಕೋರ್ಟು ವಿಮೆಯ ಪ್ರಕರಣವೊಂದರಲ್ಲಿ ಹೇಳಿದೆ. 2015ರ ತಿದ್ದುಪಡಿಯ ನಂತರ ವಿಮಾ ಹಣದ ನಿಜವಾದ ಹಕ್ಕು ನಾಮಿನಿಗೇ ಸೇರುವುದು ಅವರು ತಂದೆತಾಯಿ, ಪತಿ ಅಥವಾ ಪತ್ನಿ, ಮಕ್ಕಳಾಗಿದ್ದರೆ ಮಾತ್ರ, ಸಂಗಾತಿ ಅದರಲ್ಲಿಲ್ಲ. ಆದ್ದರಿಂದ ಪ್ರತಿ ಪಾಲಿಸಿಯ, ಪ್ರತಿ ಠೇವಣಿಯ ಸಂಖ್ಯೆಯನ್ನೂ ಉಯಿಲಿನ ಅನುಬಂಧದಲ್ಲಿ ಬರೆಸಿದರು. ಜಂಟಿ ಖಾತೆಗೆ ತೊಂದರೆಯಾಗಲಿಲ್ಲ. ಸಲಿಂಗ ಸಂಗಾತಿಗಳು ಜಂಟಿ ಖಾತೆ ತೆರೆಯಲು, ನಾಮಿನಿಯಾಗಲು ಯಾವ ನಿರ್ಬಂಧವೂ ಇಲ್ಲವೆಂದು 2024ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟಪಡಿಸಿದ್ದು, ಅದರ ಪ್ರತಿಯನ್ನು ಕಚೇರಿಯವರೇ ನಮ್ಮ ಕೈಗೆ ಕೊಟ್ಟು ಕಳುಹಿಸಿದ್ದರು.

ಆಸ್ಪತ್ರೆಯ ಕಾಗದಗಳಲ್ಲಿ ಅವರು ಯಾವ ಆಸೆಯನ್ನೂ ಹುಟ್ಟಿಸಲಿಲ್ಲ. ಪ್ರಜ್ಞೆಯಿರುವ ವಯಸ್ಕ ರೋಗಿಯ ಸಹಿಯೇ ಮುಖ್ಯ, ಅಣ್ಣನೇ ಬರಬೇಕೆಂಬುದು ರೂಢಿಯೇ ಹೊರತು ಕಾನೂನಲ್ಲ ಎಂದು ತಿಳಿಸಿ, ಅದನ್ನು ಹೇಳುವ ಪತ್ರವನ್ನೂ ಸಿದ್ಧಪಡಿಸಿಕೊಟ್ಟರು. ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿ 2023ರಲ್ಲಿ ಸರಳಗೊಳಿಸಿದ ಮುಂಗಡ ನಿರ್ದೇಶನವನ್ನು ಇಬ್ಬರು ಸಾಕ್ಷಿಗಳು ಮತ್ತು ನೋಟರಿಯ ಎದುರು ಮಾಡಬಹುದು, ಅದರಲ್ಲಿ ನಾವು ಒಬ್ಬರನ್ನೊಬ್ಬರು ಹೆಸರಿಸಿದ್ದೇವೆ. ಆದರೆ ಅದು ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸುವ ಬಗೆಗಿನದು. ಸಾಮಾನ್ಯ ಅಧಿಕಾರಪತ್ರವಾದರೋ ಬರೆದವರ ಬುದ್ಧಿಸ್ಥಿಮಿತ ತಪ್ಪಿದೊಡನೆ 1872ರ ಕರಾರು ಕಾಯ್ದೆಯಂತೆ ಮುಗಿದುಹೋಗುತ್ತದೆ, ಅತ್ಯಂತ ಬೇಕಾದ ಹೊತ್ತಿನಲ್ಲೇ ಕೈಕೊಡುತ್ತದೆ. ಪತ್ನಿಯಾಗಿದ್ದರೆ ಈ ಯಾವ ಕಾಗದವನ್ನೂ ಯಾರೂ ಕೇಳುತ್ತಿರಲಿಲ್ಲ.

ಭವಿಷ್ಯನಿಧಿಯ ನಾಮನಿರ್ದೇಶನವನ್ನು ಅವರಿಂದಲೂ ಸರಿಪಡಿಸಲಾಗಲಿಲ್ಲ. ಚಂದಾದಾರರಿಗೆ ಕುಟುಂಬವಿದ್ದರೆ ಕುಟುಂಬದವರನ್ನೇ ಹೆಸರಿಸಬೇಕೆಂಬುದು ಆ ಯೋಜನೆಯ ನಿಯಮ, ನನ್ನನ್ನೇ ನಂಬಿರುವ ತಾಯಿ ಇರುವುದರಿಂದ ಸಂಗಾತಿಯ ಹೆಸರನ್ನು ಬರೆದರೆ ಅದು ಊರ್ಜಿತವಾಗುವುದಿಲ್ಲ. ಜೋಡಿಯಾಗಿ ದತ್ತು ಪಡೆಯುವುದಕ್ಕೂ ಈಗಿನ ನಿಯಮದಲ್ಲಿ ದಾರಿಯಿಲ್ಲ. ಈ ಎರಡಕ್ಕೂ ಸುತ್ತುದಾರಿ ಹುಡುಕಿಕೊಡುತ್ತೇನೆಂದು ಹೇಳಿ ಹಣ ಕೇಳುವವರು ಬೇರೆ ಕಡೆ ಸಿಗಬಹುದು, ಇವರು ಕೇಳಲಿಲ್ಲ.

ಕೊರತೆಗಳಿಲ್ಲವೆಂದಲ್ಲ. ಮೆಟ್ಟಿಲು ಕಡಿದು, ಲಿಫ್ಟಿಲ್ಲ. ವಯಸ್ಸಾದವರಿಗೆ ಮೊದಲೇ ಹೇಳಿದರೆ ಕೆಳಗೆ ಬಂದು ಮಾತಾಡುತ್ತಾರಾದರೂ ರಸ್ತೆಯ ಗದ್ದಲದಲ್ಲಿ ಇಂಥ ಮಾತು ಸಾಗುವುದಿಲ್ಲ. ಹೊರಕೋಣೆಗೂ ಒಳಕೋಣೆಗೂ ನಡುವೆ ಇರುವುದು ಪ್ಲೈವುಡ್ ಗೋಡೆ, ಕಾಯುತ್ತಿರುವವರಿಗೆ ಒಳಗಿನ ಮಾತು ಕೇಳಿಸುತ್ತದೆ. ದಾವಣಗೆರೆ ದೊಡ್ಡ ಊರಾದರೂ ಎಲ್ಲರಿಗೂ ಎಲ್ಲರ ಪರಿಚಯವಿರುವ ಊರು. ಮನೆಯವರಿಗೂ ತಿಳಿಸದೆ ಬರುವ ಹುಡುಗ ಹುಡುಗಿಯರ ಪಾಲಿಗೆ ಇದು ಸಣ್ಣ ವಿಷಯವಲ್ಲ, ಕೂಡಲೇ ಸರಿಪಡಿಸಬೇಕೆಂದು ಅವರಿಗೂ ಹೇಳಿದ್ದೇನೆ. ಸದ್ಯಕ್ಕೆ ಸಂಜೆ ಆರರ ನಂತರದ ಸಮಯವನ್ನು ಕೇಳಿಕೊಳ್ಳುವುದು ಲೇಸು, ಆಗ ಬೇರೆ ಕಕ್ಷಿದಾರರು ಇರುವುದಿಲ್ಲ. ಕರಡು ಕೈಗೆ ಬರುವುದೂ ತಡವಾಯಿತು. ಮೊದಲ ಕರಡು ಕಚೇರಿಯ ಕನ್ನಡದಲ್ಲಿ ಎಷ್ಟು ಬಿಗಿಯಾಗಿತ್ತೆಂದರೆ ನನ್ನ ಸಂಗಾತಿಗೆ ಅರ್ಥವಾಗಲಿಲ್ಲ; ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ ಎಂದು ವಕೀಲರೇ ಅದನ್ನು ತಿಳಿಗನ್ನಡದಲ್ಲಿ ಮತ್ತೆ ಬರೆಸಿದರು. ಇಬ್ಬರ ಉಯಿಲು, ನಿರ್ದೇಶನ, ಪತ್ರಗಳು, ನೋಂದಣಿಯ ಓಡಾಟ ಎಲ್ಲ ಸೇರಿ ₹14,500 ಆಯಿತು, ಪ್ರತಿಯೊಂದಕ್ಕೂ ಬೇರೆ ಬೇರೆ ರಸೀದಿ ಕೊಟ್ಟರು. ಕೊಡಲಾಗದವರು ಹೇಳಿದರೆ ಕಂತಿನಲ್ಲಿ ತೆಗೆದುಕೊಳ್ಳುತ್ತಾರೆ.

ಇಂಥ ಕಚೇರಿಗೆ ಹೋಗುವವರು ಇಬ್ಬರ ಆಧಾರ್ ಮತ್ತು ಪ್ಯಾನ್ ಪ್ರತಿ, ಮನೆಯ ಕ್ರಯಪತ್ರ ಮತ್ತು ಇ-ಖಾತೆ, ಸಾಲದ ಕಂತು ಯಾರ ಖಾತೆಯಿಂದ ಹೋಗಿದೆ ಎಂಬುದನ್ನು ತೋರಿಸುವ ಬ್ಯಾಂಕ್ ವಿವರ, ಎಲ್ಲ ವಿಮಾ ಪಾಲಿಸಿಗಳ ಮೊದಲ ಪುಟ, ಮತ್ತು ಸಾಕ್ಷಿಗಳಾಗಲು ಒಪ್ಪುವ, ತಮಗಿಂತ ಕಿರಿಯರಾದ ಇಬ್ಬರ ಹೆಸರನ್ನು ಜೊತೆಗೆ ಒಯ್ಯಬೇಕು. ಪಿತ್ರಾರ್ಜಿತ ಆಸ್ತಿಯೇನಾದರೂ ಇದ್ದರೆ ಅದರ ಪಹಣಿಯನ್ನು ಮರೆಯಬಾರದು. ಯಾವುದು ಸ್ವಂತದ್ದು, ಯಾವುದು ಮನೆತನದ್ದು ಎಂಬುದನ್ನು ವಕೀಲರು ಮೊದಲು ಬೇರ್ಪಡಿಸುವುದು ಅದರಿಂದಲೇ.